ಮೊದಲು ತೂಕ ನಿಲ್ಲಲಿ

ಮೈಸೂರಿನ ಲಿಂಗಾಂಬುಧಿ ಕೆರೆಯ ದಾರಿಯಲ್ಲಿ ಬೆಳಗ್ಗೆ ನಡೆಯಲು ಬರುವ ನಮ್ಮ ಶ್ರೀರಾಂಪುರದ ಹೆಂಗಸರು ಮೊದಲ ಅರ್ಧ ಗಂಟೆ ಮಕ್ಕಳ ವಿಷಯ ಮಾತಾಡುತ್ತಾರೆ, ಉಳಿದ ಅರ್ಧ ಗಂಟೆ ಹೊಟ್ಟೆಯ ವಿಷಯ. ಪುಷ್ಯ ಮಾಸದ ಚಳಿಯಲ್ಲಿ ಒಬ್ಬಾಕೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು: “ಅಕ್ಕಾ, ಟಮ್ಮಿ ಟಕ್ ಮಾಡಿಸ್ಕೋಬೇಕು ಅಂತಿದೀನಿ. ಮೊದ್ಲು ಸಣ್ಣ ಆಗಿ ಆಮೇಲೆ ಆಪರೇಷನ್ನಾ, ಇಲ್ಲಾ ಆಪರೇಷನ್ ಮಾಡಿಸ್ಕೊಂಡು ಆಮೇಲೆ ಸಣ್ಣ ಆಗೋದಾ?” ವೈಶಾಖದಲ್ಲಿ ಅವಳ ತಮ್ಮನ ಮದುವೆ. ಚೀಟಿ ಎತ್ತಿ ದುಡ್ಡು ಹೊಂದಿಸಿಕೊಂಡಿದ್ದಳು. ಅವಳು ಮೊದಲು ಕಂಡ ಸರ್ಜನ್ ಹತ್ತು ಕೆಜಿ ಇಳಿಸಿ, ಇಳಿದದ್ದನ್ನು ಆರು ತಿಂಗಳು ಉಳಿಸಿಕೊಂಡು ಬನ್ನಿ ಎಂದು ವಾಪಸು ಕಳಿಸಿದ್ದರು. ಎರಡನೆಯ ಕಡೆ ಮುಂದಿನ ವಾರವೇ ದಿನ ಕೊಡುತ್ತೇವೆ ಎಂದಿದ್ದರು. ಅವಳ ಲೆಕ್ಕದಲ್ಲಿ ಮೊದಲನೆಯವರು ಅವಮಾನ ಮಾಡಿದವರು, ಎರಡನೆಯವರು ತನ್ನ ಕಷ್ಟ ತಿಳಿದವರು.

ಆ ಬೆಳಗ್ಗೆ ನಾನು ಅವಳಿಗೆ ಸರಿಯಾಗಿ ಉತ್ತರ ಕೊಡಲಿಲ್ಲ. ಆಮೇಲೆ ಓದಿ, ತಿಳಿದವರನ್ನು ಕೇಳಿ, ವಾಪಸು ಕಳಿಸಿದ ಆ ವೈದ್ಯರೇ ಅವಳ ಕಷ್ಟ ತಿಳಿದವರು ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ಯಾಕೆಂದು ಬಿಡಿಸಿ ಹೇಳಬೇಕು, ಏಕೆಂದರೆ ಈ ಪ್ರಶ್ನೆ ಅವಳೊಬ್ಬಳದಲ್ಲ. 2020ರ ಕೊನೆಗೆ ಪಟ್ಟಣ ಪಂಚಾಯಿತಿಯಾದ ಶ್ರೀರಾಂಪುರದಲ್ಲಿ ಬಡಾವಣೆಯ ಮೇಲೆ ಬಡಾವಣೆ ಎದ್ದಿದೆ. ಜೊತೆಗೆ ಜಿಮ್ಮುಗಳು ಬಂದಿವೆ, ಬೂದುಗುಂಬಳದ ರಸ ಮಾರುವವರು ಬಂದಿದ್ದಾರೆ, ಮೊಬೈಲಿನಲ್ಲಿ ದಿನಕ್ಕೆ ನಾಲ್ಕು ಸಲ ಹೊಟ್ಟೆ ಕರಗಿಸುವ ಜಾಹೀರಾತು ಬರುತ್ತದೆ. ಇಪ್ಪತ್ತು ವರ್ಷದ ಹಿಂದೆ ಸಿನಿಮಾದವರ ಆಪರೇಷನ್ ಎಂದುಕೊಂಡಿದ್ದದ್ದನ್ನು ಈಗ ಸಂಬಳದ ಮನೆಯವರೂ ಕೇಳುತ್ತಿದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. ಯಾವಾಗ ಎಂಬುದರಲ್ಲಿ ತಪ್ಪಾಗುತ್ತಿದೆ.

ಟಮ್ಮಿ ಟಕ್ ಎಂದರೆ ಏನು ಮಾಡುತ್ತಾರೆ? ಕಿಬ್ಬೊಟ್ಟೆಯ ಕೆಳಗೆ ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಅಡ್ಡ ಕೊಯ್ಯುತ್ತಾರೆ. ಚರ್ಮವನ್ನೂ ಅದಕ್ಕಂಟಿದ ಕೊಬ್ಬನ್ನೂ ಸ್ನಾಯುವಿನಿಂದ ಬಿಡಿಸಿ ಪಕ್ಕೆಲುಬಿನತ್ತ ಎತ್ತುತ್ತಾರೆ. ಹಿಗ್ಗಿ ದೂರ ಸರಿದಿರುವ ಹೊಟ್ಟೆಯ ಎರಡು ಉದ್ದ ಸ್ನಾಯುಗಳನ್ನು ನಡುವೆ ಹೊಲಿದು ಹತ್ತಿರ ತರುತ್ತಾರೆ. ಮೇಲಿನ ಚರ್ಮವನ್ನು ಕೆಳಕ್ಕೆ ಎಳೆದು, ಮಿಕ್ಕದ್ದನ್ನು ಕತ್ತರಿಸಿ ತೆಗೆದು, ಹೊಕ್ಕುಳಿಗೆ ಹೊಸ ಜಾಗ ಮಾಡಿ, ಹೊಲಿಗೆ ಹಾಕುತ್ತಾರೆ. ಪೂರ್ತಿ ಅರಿವಳಿಕೆ ಕೊಟ್ಟು ಕೆಲವು ಗಂಟೆ ನಡೆಯುವ ದೊಡ್ಡ ಆಪರೇಷನ್ನು ಇದು. 1899ರಲ್ಲಿ ಅಮೆರಿಕದ ಬಾಲ್ಟಿಮೋರಿನ ಸ್ತ್ರೀರೋಗ ತಜ್ಞ ಹೊವರ್ಡ್ ಕೆಲ್ಲಿ ಇಂಥದ್ದನ್ನು ವರದಿ ಮಾಡಿದಾಗ ಜೋತುಬಿದ್ದ ಕೊಬ್ಬಿನ ಭಾರವನ್ನು ಇಳಿಸುವುದು ಉದ್ದೇಶವಾಗಿತ್ತು. 1967ರಲ್ಲಿ ಬ್ರೆಜಿಲ್ಲಿನ ಇವೊ ಪಿಟಾಂಗಿ 300 ಮಂದಿಗೆ ಮಾಡಿದ ಅನುಭವವನ್ನು ಪ್ರಕಟಿಸಿದ ಮೇಲೆ ಅದು ಆಕಾರ ತಿದ್ದುವ ಆಪರೇಷನ್ನಾಗಿ ಹರಡಿತು. ಅಂದಿನಿಂದ ಇಂದಿನವರೆಗೂ ಅದು ತೂಕ ಇಳಿಸುವ ಆಪರೇಷನ್ ಆಗಿಲ್ಲ. ತೆಗೆದದ್ದನ್ನು ತಕ್ಕಡಿಗೆ ಹಾಕಿದರೆ ಬಹಳ ಮಂದಿಯಲ್ಲಿ ಒಂದೆರಡು ಕೆಜಿ ಬಂದೀತು. ಮೈ ಊದಿಕೊಂಡಿರುವುದರಿಂದ ಮೊದಲ ಕೆಲವು ವಾರ ತೂಕದ ಯಂತ್ರದ ಮುಳ್ಳು ಮೇಲಕ್ಕೂ ಹೋಗಬಹುದು.

ಹೊಕ್ಕುಳ ಕೆಳಗೆ ಬೆರಳಿನಲ್ಲಿ ಹಿಡಿದಾಗ ಕೈಗೆ ಸಿಗುವುದು ಚರ್ಮ ಮತ್ತು ಅದರಡಿಯ ಕೊಬ್ಬು. ಕೆಲವರ ಹೊಟ್ಟೆ ಹೀಗೆ ಕೈಗೆ ಸಿಗುವುದಿಲ್ಲ. ಬೋರಲು ಹಾಕಿದ ಗಡಿಗೆಯ ಹಾಗೆ ಗಟ್ಟಿಯಾಗಿ ಉಬ್ಬಿರುತ್ತದೆ. ಅದು ಸ್ನಾಯುವಿನ ಗೋಡೆಯ ಒಳಗೆ, ಕರುಳಿನ ಸುತ್ತ ಕೂತ ಕೊಬ್ಬು. ಟಮ್ಮಿ ಟಕ್ ಮಾಡುವ ಕೈ ಆ ಗೋಡೆಯ ಹೊರಗೇ ಕೆಲಸ ಮಾಡುತ್ತದೆ. ಒಳಗಿನದು ಊಟ, ನಡಿಗೆ, ನಿದ್ದೆ, ಬೇಕಾದರೆ ಔಷಧಿ, ಇವುಗಳಿಂದಲೇ ಕರಗಬೇಕು. ಒಳಗೆ ತುಂಬಿಕೊಂಡಿರುವಾಗ ಹೊರಗೋಡೆಯನ್ನು ಬಿಗಿದು ಹೊಲಿದರೆ, ಕಂಠದವರೆಗೆ ತುಂಬಿದ ಮೂಟೆಯ ಬಾಯಿಯನ್ನು ಎಳೆದು ಕಟ್ಟಿದ ಹಾಗಾಗುತ್ತದೆ. ಒಳ ಒತ್ತಡ ಏರಿ ಉಸಿರಾಟಕ್ಕೆ ತೊಂದರೆ; ಕಾಲಿನ ರಕ್ತ ಮೇಲಕ್ಕೆ ಬರುವುದು ನಿಧಾನವಾಗಿ ಹೆಪ್ಪುಗಟ್ಟುವ ಅಪಾಯ. ಅದಕ್ಕೆ ಹೆದರುವ ಸರ್ಜನ್ ಬಿಗಿ ಕಡಿಮೆ ಮಾಡಬೇಕಾಗುತ್ತದೆ. ಆಗ ದುಡ್ಡು ಕೊಟ್ಟು, ನೋವು ತಿಂದು, ಎದ್ದು ನಿಂತು ನೋಡಿಕೊಂಡರೆ ಹೊಟ್ಟೆ ಇನ್ನೂ ಮುಂದೆಯೇ ಇರುತ್ತದೆ.

ನಡುಭಾಗದ ಕೊಬ್ಬಿನ ವಿಷಯದಲ್ಲಿ ಮೈಸೂರು ಇಡೀ ಜಗತ್ತಿಗೆ ಪಾಠ ಹೇಳಿದ ಊರು. ಹಳಬರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯವರು 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ಅಳತೆಗಳನ್ನು ಬರೆದಿಟ್ಟು ಕಾಪಾಡಿಕೊಂಡಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ಸಂಶೋಧಕರು, ಹುಟ್ಟುವಾಗ ಕಡಿಮೆ ತೂಕವಿದ್ದವರಲ್ಲಿ ಮುಂದೆ ಹೃದಯದ ಕಾಯಿಲೆ ಹೆಚ್ಚು ಎಂದು 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಆಮೇಲೆ ಜಿ.ವಿ. ಕೃಷ್ಣವೇಣಿ, ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಅದೇ ಆಸ್ಪತ್ರೆಯಲ್ಲಿ ಬಸುರಿಯರಿಂದ ಶುರುಮಾಡಿ ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಮೈಸೂರಿನ ಕೂಸುಗಳು ಬ್ರಿಟನ್ನಿನ ಕೂಸುಗಳಿಗಿಂತ ಹಗುರ, ಗಿಡ್ಡ. ಆದರೆ ಬೆನ್ನಿನ ಹೆಗಲೆಲುಬಿನ ಕೆಳಗೆ ಚರ್ಮದ ಮಡಿಕೆಯಲ್ಲಿ ಅಳೆದ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ. ನಾಲ್ಕು ವರ್ಷ ತುಂಬುವ ಹೊತ್ತಿಗೆ ಅದು ಅವರಿಗಿಂತ ಹೆಚ್ಚೇ ಆಗಿತ್ತು. ಕೈಕಾಲು ಸಣ್ಣ, ನಡು ದಪ್ಪ ಎಂಬ ನಮ್ಮ ಮೈಕಟ್ಟಿನ ಬೇರು ತೊಟ್ಟಿಲಿಗಿಂತ ಹಿಂದೆ ಇದೆ.

ಈ ಮಾತು ಎರಡು ಕಾರಣಕ್ಕೆ ಬೇಕು. ಮೊದಲನೆಯದು, ಹೊಟ್ಟೆ ಬಂದವರೆಲ್ಲ ತಿಂದು ಕೂತವರು ಎಂಬ ತಾತ್ಸಾರ ತಪ್ಪು. ಎರಡನೆಯದು, ತೂಕ ಹೆಚ್ಚಿಲ್ಲದಿದ್ದರೂ ನಮ್ಮಲ್ಲಿ ಒಳಗಿನ ಕೊಬ್ಬು ತುಂಬಿರಬಹುದು. ಪಶ್ಚಿಮದ ಸರ್ಜನ್ನರು ಸಾಮಾನ್ಯವಾಗಿ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 30ರ ಕೆಳಗಿರಲಿ ಎನ್ನುತ್ತಾರೆ. ಭಾರತೀಯರಿಗೆ 25 ದಾಟಿದರೇ ಬೊಜ್ಜು ಎಂದು ನಮ್ಮ ತಜ್ಞರು ಗೆರೆ ಎಳೆದಿದ್ದಾರೆ, ಹೆಂಗಸರ ಸೊಂಟದ ಸುತ್ತಳತೆಗೆ 80 ಸೆಂಟಿಮೀಟರ್, ಗಂಡಸರಿಗೆ 90. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳಲ್ಲಿ ದೇಶದ ಹೆಂಗಸರಲ್ಲಿ ನೂರಕ್ಕೆ 40 ಮಂದಿ ಹೊಟ್ಟೆಯ ಬೊಜ್ಜಿನವರು, ಗಂಡಸರಲ್ಲಿ 12. ಅಂದರೆ ಪರದೇಶದ ಪುಸ್ತಕದ ಬಿಎಂಐ ಹಿಡಿದು, ನೀವು ಪಾಸಾಗಿದ್ದೀರಿ ಬನ್ನಿ ಎಂದರೆ ನಮ್ಮವರಿಗೆ ಮೋಸವಾಗುತ್ತದೆ. ತಕ್ಕಡಿಯ ಜೊತೆ ಅಳತೆ ಟೇಪೂ ಬೇಕು. ಕೆಲವರಿಗೆ ಒಂದು ಸ್ಕ್ಯಾನೂ ಬೇಕಾದೀತು.

ಈಗ ಹೊರಗಿನ ಚರ್ಮದ ವಿಷಯ. ನಮ್ಮ ಬೀದಿಯ ಟೈಲರ್ ಬ್ಲೌಸ್ ಹೊಲಿಯುವಾಗ ಪಕ್ಕದಲ್ಲಿ ಒಳಗೆ ಒಂದಿಂಚು ಬಟ್ಟೆ ಬಿಟ್ಟು, ಸಾಲಾಗಿ ಎರಡು ಮೂರು ಹೊಲಿಗೆ ಹಾಕಿಕೊಡುತ್ತಾರೆ. ದಪ್ಪ ಆದರೆ ಒಂದು ಹೊಲಿಗೆ ಬಿಚ್ಚಿಕೊಳ್ಳಿ, ಸಣ್ಣ ಆದರೆ ಇನ್ನೊಂದು ಹಾಕಿಸಿಕೊಳ್ಳಿ. ಮನುಷ್ಯರ ಮೈ ಏರುತ್ತದೆ, ಇಳಿಯುತ್ತದೆ ಎಂದು ತಿಳಿದವರ ವಿವೇಕ ಅದು. ಸರ್ಜನ್ನಿಗೆ ಆ ಅನುಕೂಲವಿಲ್ಲ. ಆ ದಿನ ಮೇಜಿನ ಮೇಲೆ ಮಲಗಿದ ಮೈಗೆ ಎಷ್ಟು ಚರ್ಮ ಬೇಕೋ ಅಷ್ಟನ್ನೇ ಬಿಟ್ಟು ಮಿಕ್ಕದ್ದನ್ನು ಕತ್ತರಿಸುತ್ತಾರೆ. ಒಳಗೆ ಬಿಟ್ಟ ಬಟ್ಟೆ ಎಂಬುದಿಲ್ಲ.

ಅಳತೆ ಕೊಟ್ಟ ಮೇಲೆ ಹತ್ತು ಹದಿನೈದು ಕೆಜಿ ಇಳಿದರೆ ಏನಾಗುತ್ತದೆ ಎಂದು ಯೋಚಿಸಿ. ಬಿಗಿಯಾಗಿದ್ದ ಚರ್ಮದ ಕೆಳಗಿನ ಕೊಬ್ಬು ಕರಗಿ, ಹೊಕ್ಕುಳ ಮೇಲೂ ಪಕ್ಕೆಯಲ್ಲೂ ಚರ್ಮ ಮತ್ತೆ ಸಡಿಲ ಬೀಳುತ್ತದೆ. ಅದನ್ನು ತೆಗೆಸಲು ಇನ್ನೊಂದು ಆಪರೇಷನ್, ಇನ್ನೊಂದು ಅರಿವಳಿಕೆ, ಹಳೆಯ ಗಾಯದ ಗೆರೆಯ ಮೇಲೆ ಇನ್ನೊಂದು ಗೆರೆ. ಬದಲಾಗಿ ತೂಕ ಏರಿದರೆ, ಉಳಿದ ಕೊಬ್ಬಿನ ಕಣಗಳೇ ಉಬ್ಬುತ್ತವೆ, ಒಳಗಿನಿಂದ ಗೋಡೆ ತಳ್ಳಿಸಿಕೊಳ್ಳುತ್ತದೆ, ಚರ್ಮ ಹಿಗ್ಗುತ್ತದೆ. ಎರಡು ಮೂರು ಕೆಜಿಯ ಏರಿಳಿತವನ್ನು ಮೈ ತಡೆದುಕೊಳ್ಳುತ್ತದೆ, ಹದಿನೈದನ್ನು ತಡೆಯದು. ಆರೋಗ್ಯ ವಿಮೆಯವರು ಸೌಂದರ್ಯದ ಶಸ್ತ್ರಚಿಕಿತ್ಸೆಗೆ ಹಣ ಕೊಡುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಇಂಥವುಗಳ ನಂತರದ ಜೋಡಣೆಗಷ್ಟೇ ವಿನಾಯಿತಿ. ಎರಡನೆಯ ಸಲವೂ ಚೀಟಿಯನ್ನೇ ಎತ್ತಬೇಕು. ಅದಕ್ಕೇ ಬಲ್ಲ ಸರ್ಜನ್ನರು ಗುರಿಯ ತೂಕದ ಹತ್ತಿರ, ಅಂದರೆ ಐದಾರು ಕೆಜಿಯೊಳಗೆ ಬನ್ನಿ, ಬಂದ ಮೇಲೆ ಮೂರರಿಂದ ಆರು ತಿಂಗಳು ಅಲ್ಲೇ ನಿಲ್ಲಿ ಎನ್ನುತ್ತಾರೆ. ಹೊಟ್ಟೆಯ ಚೀಲ ಚಿಕ್ಕದು ಮಾಡುವ ಬೇರಿಯಾಟ್ರಿಕ್ ಆಪರೇಷನ್ ಆದವರಿಗೆ ಒಂದರಿಂದ ಒಂದೂವರೆ ವರ್ಷ ಕಾಯಲು ಹೇಳುತ್ತಾರೆ.

ಹೆರಿಗೆಯಾದವರ ಹೊಟ್ಟೆಯ ವಿಷಯದಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು. ಬಸುರಿನಲ್ಲಿ ಹೊಟ್ಟೆಯ ಎರಡು ಉದ್ದ ಸ್ನಾಯುಗಳು ನಡುವಿನ ಗೆರೆಯಿಂದ ಆಚೀಚೆ ಸರಿಯುತ್ತವೆ. ಬಹಳ ಮಂದಿಯಲ್ಲಿ ಕೆಲವು ತಿಂಗಳಲ್ಲಿ ಹತ್ತಿರ ಬರುತ್ತವೆ, ಕೆಲವರಲ್ಲಿ ಬರುವುದೇ ಇಲ್ಲ. ಅಂಥವರು ಅಂಗಾತ ಮಲಗಿ ತಲೆಯನ್ನಷ್ಟೇ ಎತ್ತಿದರೆ ಹೊಟ್ಟೆಯ ನಡುವೆ ಉದ್ದಕ್ಕೆ ದಿಣ್ಣೆಯೊಂದು ಏಳುತ್ತದೆ. ನಮ್ಮ ಹೆಂಗಸರು ಇದಕ್ಕೆ ನೂರು ಕಾರಣ ಕೊಟ್ಟುಕೊಳ್ಳುತ್ತಾರೆ: ಬಾಣಂತನದಲ್ಲಿ ಹೊಟ್ಟೆಗೆ ಸೀರೆ ಬಿಗಿಯಾಗಿ ಕಟ್ಟಲಿಲ್ಲ, ನೀರು ಹೆಚ್ಚು ಕುಡಿದೆ, ಮಕ್ಕಳಾಗದ ಹಾಗೆ ಆಪರೇಷನ್ ಆದ ಮೇಲೆ ಬಂತು. ಅತ್ತೆ ಸೊಸೆಯನ್ನೂ, ಸೊಸೆ ತನ್ನನ್ನೇ ತಾನೂ ದೂಷಿಸುವುದಕ್ಕೆ ಇವು ಸಾಕು. ಸ್ನಾಯು ಬೇರೆಯಾಗಿದೆ ಎಂಬ ಒಂದು ಮಾತನ್ನು ಮಾತ್ರ ಯಾರೂ ಹೇಳಿರುವುದಿಲ್ಲ. ಹೆರಿಗೆಯಾಗಿ ನಾಲ್ಕು ವರ್ಷವಾದ ಹೆಂಗಸಿಗೆ ಗೃಹಪ್ರವೇಶದ ಮನೆಯಲ್ಲಿ ಎಲ್ಲರೆದುರು “ಏನಮ್ಮ, ವಿಶೇಷಾನಾ?” ಎಂದು ಕೇಳುವವರಿಗೆ ತಾವು ಏನು ಮಾಡಿದೆವೆಂದು ತಿಳಿಯುವುದಿಲ್ಲ. ಕೆರೆಯ ದಾರಿಯಲ್ಲಿ ನನ್ನನ್ನು ಕೇಳಿದವಳಿಗೆ ಈ ಪ್ರಶ್ನೆ ಒಂದೇ ವರ್ಷದಲ್ಲಿ ಮೂರು ಸಲ ಬಂದಿತ್ತಂತೆ. ಮೂರನೆಯ ಸಲದ ಮಾರನೆಯ ದಿನ ಅವಳು ಚೀಟಿ ಎತ್ತಿದ್ದು.

ಆದ್ದರಿಂದ, ಇದೆಲ್ಲ ಶೋಕಿ, ದೇವರು ಕೊಟ್ಟ ಮೈಯನ್ನು ಕೊಯ್ಯಿಸಿಕೊಳ್ಳುವುದೇಕೆ ಎಂದು ಹೇಳುವವರ ಪಕ್ಷ ನಾನು ವಹಿಸಲಾರೆ. ಬೇರೆಯಾದ ಸ್ನಾಯು ಯಾವ ವ್ರತಕ್ಕೂ ಉಪವಾಸಕ್ಕೂ ಕೂಡಿಕೊಳ್ಳುವುದಿಲ್ಲ. ಫಿಸಿಯೋಥೆರಪಿಯಲ್ಲಿ ಕಲಿಸುವ ವ್ಯಾಯಾಮದಿಂದ ಹಲವರಿಗೆ ಉಪಯೋಗವಾಗುತ್ತದೆ. ಮೊದಲು ಅದನ್ನೇ ಮಾಡಬೇಕು. ಅದರಿಂದಲೂ ಆಗದಿದ್ದರೆ ಹೊಲಿಸಿಕೊಳ್ಳುವುದು ನ್ಯಾಯವಾದ ಬಯಕೆ. ಆದರೆ ಇಲ್ಲೂ ಕಾಲವೇ ಮುಖ್ಯ. ಕೂಸಿಗೆ ಹಾಲು ಬಿಡಿಸಿ, ಮೈ ತನ್ನ ಹದಕ್ಕೆ ಬರಲು ಕನಿಷ್ಠ ಆರು ತಿಂಗಳು ಬಿಡಬೇಕು. ಇನ್ನೊಂದು ಮಗು ಬೇಕು ಎಂಬ ಯೋಚನೆಯಿದ್ದರೆ ಈಗ ಮಾಡಿಸಲೇಬಾರದು, ಹೊಲಿದದ್ದನ್ನು ಮುಂದಿನ ಬಸುರು ಮತ್ತೆ ಹಿಗ್ಗಿಸುತ್ತದೆ. ಈ ನಿರ್ಧಾರ ಹೆಂಗಸೊಬ್ಬಳ ಕೈಯಲ್ಲಿಲ್ಲದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಗಂಡನೂ ಅತ್ತೆಯೂ ಗಂಡು ಮಗುವಿಗಾಗಿ ಕಾದಿರುವಾಗ ಸರ್ಜನ್ ಮುಂದೆ ಕೂತು, ಇನ್ನು ಮಕ್ಕಳು ಬೇಡ ಎಂದು ಅವಳು ಹೇಗೆ ಹೇಳಿಯಾಳು? ವೈದ್ಯರು ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಬೇಕಾದ ಪ್ರಶ್ನೆ ಅದು.

ನನ್ನ ವಾದಕ್ಕೆ ಎದುರು ಮಾತುಗಳಿವೆ, ಅವು ಹಗುರವಲ್ಲ. ಹೊಟ್ಟೆ ಚಪ್ಪಟೆಯಾದರೆ ಹುರುಪು ಬರುತ್ತದೆ, ಆಮೇಲೆ ತೂಕ ತಾನೇ ಇಳಿಯುತ್ತದೆ ಎನ್ನುವವರಿದ್ದಾರೆ. ಟಮ್ಮಿ ಟಕ್ ಆದ ಕೆಲವರು ಆಮೇಲೂ ತೂಕ ಇಳಿಸಿದ್ದು ನಿಜ. ಬೇರಿಯಾಟ್ರಿಕ್ ಆಪರೇಷನ್ನಿನಿಂದ ಬಹಳ ತೂಕ ಕಳೆದುಕೊಂಡವರಲ್ಲಿ, ಜೋತ ಚರ್ಮ ತೆಗೆಸಿಕೊಂಡವರು ತೆಗೆಸದವರಿಗಿಂತ ತೂಕವನ್ನು ಚೆನ್ನಾಗಿ ಉಳಿಸಿಕೊಂಡರು ಎಂದು ಅಧ್ಯಯನಗಳೂ ಇವೆ. ಆದರೆ ಅವರು ಮೊದಲು ಇಳಿಸಿ, ಆಮೇಲೆ ತೆಗೆಸಿಕೊಂಡವರು. ಹುರುಪನ್ನೇ ನಂಬಿ ಮೊದಲು ಕೊಯ್ಯಿಸಿಕೊಳ್ಳುವುದು ಬೆಳೆ ಬಂದೀತೆಂದು ಸಾಲ ಮಾಡಿದ ಹಾಗೆ. ಬಂದರೆ ಸರಿ, ಬಾರದಿದ್ದರೆ ಹೋದ ಚರ್ಮ ವಾಪಸು ಬರುವುದಿಲ್ಲ. ಅಲ್ಲದೆ ಆಪರೇಷನ್ ಆದವಳ ಮೊದಲ ವಾರ ಬೆನ್ನು ಬಗ್ಗಿಸಿ ನಡೆಯುವುದರಲ್ಲಿ, ಗಾಯದ ನೀರು ಬಸಿಯುವ ಕೊಳವೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದರಲ್ಲಿ ಹೋಗುತ್ತದೆ. ಆರು ವಾರ ಹೊಟ್ಟೆಗೆ ಬೆಲ್ಟು. ತುಂಬಿದ ಬಿಂದಿಗೆ ಎತ್ತುವಂತಿಲ್ಲ, ಸಿಲಿಂಡರ್ ಎಳೆಯುವಂತಿಲ್ಲ, ಚಾಮುಂಡಿ ಬೆಟ್ಟದ ಮೆಟ್ಟಿಲ ಮಾತೇ ಬೇಡ. ತೂಕ ಇಳಿಸಲು ಇದಕ್ಕಿಂತ ಕಷ್ಟದ ಕಾಲ ಇನ್ನೊಂದಿಲ್ಲ.

ಎರಡನೆಯ ಎದುರು ಮಾತು ಇನ್ನೂ ಗಟ್ಟಿ. ಗುರಿಯ ತೂಕ ಮುಟ್ಟಲು ಆಗದವರು ಏನು ಮಾಡಬೇಕು? ಥೈರಾಯಿಡ್ ಇದೆ, ಮಂಡಿ ನೋವಿದೆ, ಹತ್ತು ವರ್ಷ ಪ್ರಯತ್ನಿಸಿಯೂ ಆಗಲಿಲ್ಲ. ಅವರು ಸಾಯುವವರೆಗೂ ಕಾಯಬೇಕೆ? ಬೇಡ. ಇಲ್ಲಿ ನಾನು ಪುಸ್ತಕದ ಆದರ್ಶ ತೂಕವನ್ನು ಕೇಳುತ್ತಿಲ್ಲ, ನಿಂತ ತೂಕವನ್ನು ಕೇಳುತ್ತಿದ್ದೇನೆ. 64 ಕೆಜಿಯಲ್ಲಿ ಆರು ತಿಂಗಳು ನಿಂತವಳು, 56ಕ್ಕೆ ಇಳಿದು ತಿಂಗಳೊಳಗೆ 60ಕ್ಕೆ ಏರುತ್ತಿರುವವಳಿಗಿಂತ ಆಪರೇಷನ್ನಿಗೆ ತಯಾರಾಗಿದ್ದಾಳೆ. ಇನ್ನು ಹೊಟ್ಟೆಯ ಮಡಿಕೆ ತೊಡೆಯ ಮೇಲೆ ಜೋತು, ಅದರಡಿಯಲ್ಲಿ ಬೆವರಿ ಹುಣ್ಣಾಗಿ, ನಡೆಯಲೂ ಸ್ನಾನಕ್ಕೂ ತೊಂದರೆಯಾಗುವವರು ಇದ್ದಾರೆ; ಹರ್ನಿಯಾದವರೂ ಇದ್ದಾರೆ. ಅವರದು ಕಾಯಿಲೆಯ ಚಿಕಿತ್ಸೆ. ಅದಕ್ಕೆ ಈ ನಿಯಮವನ್ನು ಅಡ್ಡ ಹಿಡಿಯಬಾರದು.

ಈಚೆಗೆ ಬಂದಿರುವ ತೂಕ ಇಳಿಸುವ ಇಂಜೆಕ್ಷನ್ನುಗಳು ಈ ಕಾಲದ ಲೆಕ್ಕವನ್ನು ಇನ್ನಷ್ಟು ಗೋಜಲು ಮಾಡಿವೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷದ ಜೂನ್‌ನಲ್ಲಿ ನಮ್ಮ ದೇಶದ ಅಂಗಡಿಗಳಿಗೆ ಬಂದವು. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ತೆಗೆದುಕೊಂಡವರು ದೊಡ್ಡ ಪ್ರಯೋಗವೊಂದರಲ್ಲಿ 68 ವಾರಕ್ಕೆ ಸರಾಸರಿ ನೂರಕ್ಕೆ 15ರಷ್ಟು ತೂಕ ಇಳಿಸಿದರು. ಔಷಧಿ ನಿಲ್ಲಿಸಿ ಒಂದು ವರ್ಷವಾಗುವಷ್ಟರಲ್ಲಿ ಇಳಿದದ್ದರ ಮೂರರಲ್ಲಿ ಎರಡು ಭಾಗ ವಾಪಸು ಬಂದಿತ್ತು. ಆದ್ದರಿಂದ ಇಂಜೆಕ್ಷನ್ ಮೇಲೆ ಇಳಿದ ತೂಕವನ್ನು ನಿಂತ ತೂಕವೆನ್ನುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದನ್ನು ಮುಂದುವರಿಸುತ್ತೀರಾ, ನಿಲ್ಲಿಸುತ್ತೀರಾ? ಮುಂದುವರಿಸುವುದಾದರೆ ತಿಂಗಳ ಖರ್ಚು ಎಷ್ಟು ವರ್ಷ ತಡೆದೀತು? ನಿಲ್ಲಿಸುವುದಾದರೆ, ನಿಲ್ಲಿಸಿದ ಮೇಲಿನ ಆರು ತಿಂಗಳನ್ನು ನೋಡಿ ಅಳತೆ ಕೊಡಬೇಕು. ಇನ್ನೊಂದು ವಿಷಯವೂ ಇದೆ. ಈ ಔಷಧಿ ಜಠರದಿಂದ ಊಟ ಇಳಿಯುವುದನ್ನು ನಿಧಾನ ಮಾಡುತ್ತದೆ. ರಾತ್ರಿಯಿಂದ ಏನೂ ತಿನ್ನದೆ ಬಂದಿದ್ದರೂ ಅನ್ನ ಒಳಗೇ ಇರಬಹುದು. ಅರಿವಳಿಕೆಯಲ್ಲಿ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೆ ಬರುತ್ತದೆ. ಅಮೆರಿಕದ ಅರಿವಳಿಕೆ ವೈದ್ಯರ ಸಂಘ 2023ರಲ್ಲೇ ಇದರ ಬಗ್ಗೆ ಎಚ್ಚರಿಸಿತು. ಮನೆಯವರಿಗೆ ಗೊತ್ತಾಗಬಾರದೆಂದು ಫ್ರಿಜ್ಜಿನ ಮೂಲೆಯಲ್ಲಿ ಇಂಜೆಕ್ಷನ್ ಬಚ್ಚಿಟ್ಟವರು ವೈದ್ಯರಿಂದ ಮಾತ್ರ ಬಚ್ಚಿಡಬಾರದು.

ಮದುವೆಯ ದಿನ ಗೊತ್ತಾದ ಮೇಲೆ ಶುರುವಾಗುವ ಅರೆಹೊಟ್ಟೆಯ ಪಥ್ಯ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ಬೆಳಗ್ಗೆ ನಿಂಬೆರಸ, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಏನೂ ಇಲ್ಲ. ತಿಂಗಳಿಗೆ ಎಂಟು ಕೆಜಿ. ಸರ್ಜನ್ ಹೇಳಿದ ಅಂಕಿಯನ್ನು ಹೇಗಾದರೂ ಮುಟ್ಟಬೇಕೆಂದು ಹೀಗೆ ಮಾಡಿದವಳ ಮೈಯಲ್ಲಿ ಕೊಬ್ಬಿನ ಜೊತೆ ಮಾಂಸವೂ ಕರಗಿರುತ್ತದೆ. ಒಂದು ಸೊಂಟದಿಂದ ಇನ್ನೊಂದಕ್ಕೆ ಕೊಯ್ದ ಗಾಯ ಕೂಡಬೇಕಾದರೆ ಪ್ರೋಟೀನು ಬೇಕು, ಕಬ್ಬಿಣಾಂಶ ಬೇಕು. ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎನ್ನುತ್ತದೆ ಅದೇ ಕುಟುಂಬ ಆರೋಗ್ಯ ಸಮೀಕ್ಷೆ. ಅಂಥ ಮೈಯನ್ನು ಇನ್ನಷ್ಟು ಬಳಲಿಸಿ ಮೇಜಿನ ಮೇಲೆ ಮಲಗಿಸಿದರೆ ಗಾಯ ಬಿಟ್ಟುಕೊಳ್ಳುತ್ತದೆ, ಕೀವಾಗುತ್ತದೆ, ಚರ್ಮದ ಅಂಚು ಕಪ್ಪಾಗಿ ಸಾಯುತ್ತದೆ. ಕೊನೆಯ ಎರಡು ತಿಂಗಳು ಇಳಿಸುವ ಕಾಲವಾಗಬಾರದು, ಕಟ್ಟುವ ಕಾಲವಾಗಬೇಕು: ಮುದ್ದೆಯ ಜೊತೆ ಹುರುಳಿಕಾಳು, ಅವರೆ, ಮೊಟ್ಟೆ, ಮೊಸರು, ತಿನ್ನುವವರಿಗೆ ಮೀನು ಮಾಂಸ. ಸಕ್ಕರೆ ಕಾಯಿಲೆಯಿದ್ದರೆ ಮೂರು ತಿಂಗಳ ಸರಾಸರಿ ಹತೋಟಿಗೆ ಬಂದಿರಬೇಕು. ಸಿಗರೇಟು ಬಿಡಬೇಕೆಂದು ಗಂಡಸರಿಗೆ ಹೇಳುವ ವೈದ್ಯರು ಹೆಂಗಸರನ್ನು ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುತ್ತೀರಾ ಎಂದು ಕೇಳುವುದು ಅಪರೂಪ. ನಿಕೋಟಿನ್ ಹೊಗೆಯಲ್ಲಿ ಬಂದರೂ ಕವಳದಲ್ಲಿ ಬಂದರೂ ಚರ್ಮದ ರಕ್ತನಾಳವನ್ನು ಒಂದೇ ಸಮ ಬಿಗಿಯುತ್ತದೆ. ಆಪರೇಷನ್ನಿನ ಮುಂಚೆ ಒಂದು ತಿಂಗಳಾದರೂ, ಆಮೇಲೆ ಒಂದು ತಿಂಗಳಾದರೂ ಅದನ್ನು ಬಿಟ್ಟಿರಬೇಕು.

2022ರ ಮೇ 16ರಂದು ಬೆಂಗಳೂರಿನಲ್ಲಿ ಕಿರುತೆರೆಯ ನಟಿ ಚೇತನಾ ರಾಜ್ ತೀರಿಕೊಂಡರು. ‘ಗೀತಾ’, ‘ದೊರೆಸಾನಿ’ ಧಾರಾವಾಹಿಗಳಲ್ಲಿ ನಟಿಸಿದ್ದ ಹುಡುಗಿ, ಕೊಬ್ಬು ತೆಗೆಸಲು ಖಾಸಗಿ ಕ್ಲಿನಿಕ್ಕಿಗೆ ಹೋಗಿದ್ದರು. ವಯಸ್ಸು 21. ಅದು ಟಮ್ಮಿ ಟಕ್ ಅಲ್ಲ, ಆ ಸಾವಿನ ಹೊಣೆ ಯಾರದೆಂದು ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ಆ ಸುದ್ದಿ ಓದಿದ ದಿನ ಇಡೀ ನಾಡು ಕೇಳಿದ ಪ್ರಶ್ನೆ ಇಂದಿಗೂ ಉಳಿದಿದೆ: 21ರ ಮೈಗೆ ಅಷ್ಟೇನು ಅವಸರವಿತ್ತು? ಅವಸರ ಅವಳದಾಗಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ತೆರೆಯ ಮೇಲೆ ಹೀಗಿರಬೇಕು, ಮದುವೆಯ ಮಂಟಪದಲ್ಲಿ ಹೀಗಿರಬೇಕು ಎಂದು ನಾವೆಲ್ಲ ಸೇರಿ ಹೊರಿಸಿದ ಅವಸರ ಅದು.

ಮದುವೆಗೆ ಒಂಟಿಕೊಪ್ಪಲ್ ಪಂಚಾಂಗ ನೋಡಿ ಮುಹೂರ್ತ ಇಡುತ್ತೇವೆ. ಆಷಾಢ ಬೇಡ, ಶೂನ್ಯಮಾಸ ಬೇಡ ಎಂದು ತಿಂಗಳುಗಟ್ಟಲೆ ಕಾಯುತ್ತೇವೆ. ಗ್ರಹಗಳಿಗಾಗಿ ಕಾಯುವ ನಾವು ಗಾಯ ಕೂಡುವ ಕಾಲಕ್ಕಾಗಿ ಯಾಕೆ ಕಾಯಬಾರದು? ಪುಷ್ಯದಲ್ಲಿ ಕೊಯ್ಯಿಸಿಕೊಂಡು ವೈಶಾಖದ ಮದುವೆಗೆ ಹೊರಟರೆ ಊತ ಪೂರ್ತಿ ಇಳಿದಿರುವುದಿಲ್ಲ. ಆಕಾರ ನೆಲೆಗೊಳ್ಳಲು ಆರು ತಿಂಗಳಿಂದ ಒಂದು ವರ್ಷ, ಗಾಯದ ಗೆರೆ ಕೆಂಪು ಕಳೆದು ಮಾಸಲು ಅದಕ್ಕೂ ಹೆಚ್ಚು. ಮದುಮಗನ ಅಕ್ಕ ಎಂದರೆ ಮದುವೆಮನೆಯಲ್ಲಿ ಕೂರುವವಳಲ್ಲ. ಬಾಗಬೇಕು, ಎತ್ತಬೇಕು, ರಾತ್ರಿಯಿಡೀ ನಿಂತಿರಬೇಕು. ಲಂಗದ ಲಾಡಿ ಬಿಗಿದು ಕಟ್ಟಿದ ರೇಷ್ಮೆ ಸೀರೆಯಲ್ಲಿ ಎಳೆಯ ಗಾಯ ಎಷ್ಟು ಹೊತ್ತು ತಡೆದೀತು?

ನಿಂತ ತೂಕವನ್ನು ಗುರುತಿಸುವ ಬಗೆ ನನಗೆ ಸರಳವಾಗಿ ಕಾಣುತ್ತದೆ. ವಾರಕ್ಕೊಮ್ಮೆ, ಒಂದೇ ದಿನ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತೂಗಿ ಕ್ಯಾಲೆಂಡರಿನ ಖಾನೆಯಲ್ಲಿ ಬರೆಯಿರಿ. ತಿಂಗಳಿಗೊಮ್ಮೆ ಸೊಂಟದ ಅಳತೆ. ಆ ಆರು ತಿಂಗಳೊಳಗೆ ಹಬ್ಬಗಳು ಬರಬೇಕು. ವರಮಹಾಲಕ್ಷ್ಮಿಯ ಒಬ್ಬಟ್ಟು, ಗೌರಿ ಗಣೇಶದ ಕಡುಬು, ದಸರೆಗೆ ಬಂದ ನೆಂಟರ ಜೊತೆಯ ಹತ್ತು ದಿನದ ಊಟ, ಇಷ್ಟನ್ನೂ ಉಂಡು, ಎರಡು ಕೆಜಿ ಏರಿ, ಮತ್ತೆ ತಾನೇ ಇಳಿದು ಅದೇ ಅಂಕಿಗೆ ಬಂದು ಕೂತರೆ ಆ ತೂಕ ನಿಮ್ಮದು. ಬಾಯಿ ಕಟ್ಟಿ ಬದುಕಿದ ಆರು ವಾರದ ಅಂಕಿ ನಿಮ್ಮದಲ್ಲ. ಆ ಕ್ಯಾಲೆಂಡರನ್ನೇ ಸರ್ಜನ್ ಮುಂದೆ ಇಡಿ. ಅದನ್ನು ನೋಡದೆ, ರಕ್ತ ಪರೀಕ್ಷೆ ಕೇಳದೆ, ಮುಂದಿನ ಬಸುರಿನ ಬಗ್ಗೆ ವಿಚಾರಿಸದೆ ಮುಂಗಡ ಹಣ ಕಟ್ಟಿ ಎನ್ನುವ ಕಡೆಯಿಂದ ಎದ್ದು ಬನ್ನಿ. ಕೊಯ್ಯುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಅದಕ್ಕೆ ಸಮನಾದ ಪದವಿ ಪಡೆದವರೇ, ಅರಿವಳಿಕೆಯ ವೈದ್ಯರು ಯಾರು, ಏರುಪೇರಾದರೆ ಅದೇ ಕಟ್ಟಡದಲ್ಲಿ ಐಸಿಯು ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಮನೆಯ ಗಂಡಸರಲ್ಲಿ, ಹಿರಿಯರಲ್ಲಿ ನನ್ನ ಕೋರಿಕೆ ಬೇರೆ. ಅವಳು ಕಾಯಲಿ ಎಂದು ಬಯಸುವುದಾದರೆ ಕಾಯಲು ಬಿಡಿ. ಬೆಳಗ್ಗೆ ಒಂದು ಗಂಟೆ ಕೆರೆಯ ದಾರಿಯಲ್ಲಿ ನಡೆದು ಬರಲು ಅಡುಗೆಮನೆಯಿಂದ ಬಿಡುಗಡೆ ಕೊಡಿ. ಎಲ್ಲರದೂ ಆದ ಮೇಲೆ ಉಳಿದ ಸಾರು ಅನ್ನವೇ ಅವಳ ಊಟವಾಗದಿರಲಿ. ಸಮಾರಂಭಗಳಲ್ಲಿ ಯಾವ ಹೆಂಗಸಿನ ಹೊಟ್ಟೆಯನ್ನೂ ನೋಡಿ “ವಿಶೇಷಾನಾ” ಎಂದು ಕೇಳಬೇಡಿ.

ಕೆರೆಯ ದಾರಿಯಲ್ಲಿ ನನ್ನನ್ನು ಕೇಳಿದವಳು ವೈಶಾಖದಲ್ಲಿ ತಮ್ಮನ ಮದುವೆಗೆ ಇದ್ದ ಮೈಯಲ್ಲೇ ಹೋದಳು, ಹಸಿರು ರೇಷ್ಮೆಯುಟ್ಟು ಆರತಿ ಎತ್ತಿದಳು. ಚೀಟಿಯ ದುಡ್ಡು ಬ್ಯಾಂಕಿನಲ್ಲಿದೆ. ಫಿಸಿಯೋಥೆರಪಿಗೆ ಹೋಗುತ್ತಿದ್ದಾಳೆ, ನಾಲ್ಕೂವರೆ ಕೆಜಿ ಇಳಿದಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹದಿನಾಲ್ಕು ವಾರದ ಅಂಕಿಗಳಿವೆ, ಆಪರೇಷನ್ನಿನ ದಿನ ಇನ್ನೂ ಗೊತ್ತು ಮಾಡಿಲ್ಲ.